ಗುಬ್ಬಿ ಮಲಗಿದ ಮಧ್ಯಾಹ್ನ

ತಂಗಿ ನೆಟ್ಟಗೆ ಮಲಗಿದ್ದನ್ನು ಅಕ್ಕ ಒಮ್ಮೆಯೂ ಕಂಡವಳಲ್ಲ. ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ನಡುವೆ ದಿಂಬೊಂದನ್ನು ಹಿಸುಕಿ ಹಿಡಿದು, ಬೆನ್ನನ್ನು ಗೋಡೆಗೆ ಕೊಟ್ಟು ಮುದುರಿಕೊಂಡಿರುತ್ತಿದ್ದಳು. ಅದನ್ನೇ ಮನೆಯವರು ನಿದ್ದೆ ಎನ್ನುತ್ತಿದ್ದರು, ಬೇರೆ ಹೆಸರು ಸಿಗದೆ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಬಂದ ಹೊಟ್ಟೆನೋವು ಅವಳ ಜೊತೆಗೇ ಶಾಲೆ ಮುಗಿಸಿತು, ಜೊತೆಗೇ ಕಾಲೇಜು ಸೇರಿತು, ಕೊನೆಗೆ ಕಾಲೇಜಿನಿಂದ ಅರ್ಧಕ್ಕೇ ಅವಳ ಕೈಹಿಡಿದು ಮನೆಗೆ ಕರೆತಂದಿತು.

ತಟ್ಟೆಗೆ ಹಾಕಿದ್ದನ್ನು ಕೆದಕಿ ಕೆದಕಿ ಬಿಡುತ್ತಾಳೆಂದು ಅಪ್ಪ ಅವಳಿಗೆ ಇಟ್ಟ ಹೆಸರು ಗುಬ್ಬಿ. ದೊಡ್ಡವಳಿಗೆ ಅಂಥ ಮುದ್ದಿನ ಹೆಸರು ದಕ್ಕಲಿಲ್ಲ. ಅಮ್ಮ ತೀರಿಕೊಂಡ ವರ್ಷದಿಂದ ಅವಳು ಎಲ್ಲರಿಗೂ ಅಕ್ಕ. ಹೆತ್ತ ಅಪ್ಪನೇ "ಅಕ್ಕಾ, ನನ್ನ ಕನ್ನಡಕ ಎಲ್ಲಿಟ್ಟೆ" ಎನ್ನುವಾಗ ಬೀದಿಯವರದೇನು ತಪ್ಪು.

ಚಿತ್ರಗಳಿಗೆ ಕಟ್ಟು ಹಾಕುವುದು ಅವರ ಕಸುಬು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಅಪ್ಪ ಮರದ ಪಟ್ಟಿಗಳ ಮೂಲೆ ಕೊಯ್ದು, ಜೋಡಿಸಿ, ಮೊಳೆ ಹೊಡೆಯುತ್ತಿದ್ದರು. ಅಕ್ಕ ಗಾಜು ಕೊಯ್ಯುತ್ತಿದ್ದಳು. ನೋವು ಬಿಟ್ಟುಕೊಟ್ಟ ದಿನಗಳಲ್ಲಿ ಗುಬ್ಬಿ ಕೆಳಗಿಳಿದು ಬಂದು ಚಿತ್ರದ ಸುತ್ತ ಕೂರಿಸುವ ರಟ್ಟನ್ನು ಕತ್ತರಿಸುತ್ತಿದ್ದಳು. ಮೂವರಲ್ಲಿ ಅವಳ ಗೆರೆಯೇ ನೇರ.

ಆ ಅಂಗಡಿಗೆ ಒಂದು ಕಟ್ಟಳೆ ಇತ್ತು. ಗುಬ್ಬಿಗೆ ಕಣ್ಣು ಹತ್ತಿತೆಂದರೆ ಸುತ್ತಿಗೆ ಮುಟ್ಟುವಂತಿಲ್ಲ. ಗಿರಾಕಿ ಎಷ್ಟೇ ಅವಸರದವನಾಗಿರಲಿ, ಅಪ್ಪ ತುಟಿಗೆ ಬೆರಳಿಟ್ಟು ಮೇಲಿನ ಕೋಣೆಯತ್ತ ಕಣ್ಣು ತೋರಿಸುತ್ತಿದ್ದರು. ಹಳೆಯ ಗಿರಾಕಿಗಳು ತಲೆಯಾಡಿಸಿ ತುದಿಗಾಲಲ್ಲಿ ಹಿಂದಿರುಗುತ್ತಿದ್ದರು. ಹೊಸಬರು ಮೇಲೆ ಯಾರೋ ಬಾಣಂತಿ ಇದ್ದಾಳೆಂದು ತಿಳಿಯುತ್ತಿದ್ದರು. ಆ ಜೊಂಪು ಹೆಚ್ಚು ಹೊತ್ತು ಬಾಳುತ್ತಿರಲಿಲ್ಲ. ಮೇಲಿನಿಂದ ಒಂದು ಮುಲುಕು ಕೇಳಿದೊಡನೆ ಅಪ್ಪ ನಿಟ್ಟುಸಿರು ಬಿಟ್ಟು ಸುತ್ತಿಗೆ ಎತ್ತಿಕೊಳ್ಳುತ್ತಿದ್ದರು. ಮಗಳಿಗೆ ಎಚ್ಚರವಾದುದನ್ನು ಆ ಟಕಟಕ ಸದ್ದು ಬೀದಿಗೆಲ್ಲ ಸಾರುತ್ತಿತ್ತು.

ನೋವಿಗಿಂತ ಹೆಚ್ಚಾಗಿ ಅವಳನ್ನು ಸುಟ್ಟಿದ್ದು ಯಾರೂ ನಂಬದೇ ಹೋದದ್ದು. ಪರೀಕ್ಷೆಗಳಲ್ಲಿ ಏನೂ ಕಾಣದೆ ಒಬ್ಬ ಡಾಕ್ಟರು ಗ್ಯಾಸು ಎಂದರು, ಇನ್ನೊಬ್ಬರು ಮನಸ್ಸು ಎಂದರು. ಚಿಕ್ಕಪ್ಪನ ಮನೆಯವರು ಕೆಲಸ ತಪ್ಪಿಸಿಕೊಳ್ಳುವ ನೋವು ಎಂದರು. ಮತ್ತೊಬ್ಬ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಮದುವೆ ಮಾಡಿ, ಎಲ್ಲಾ ಸರಿಹೋಗತ್ತೆ" ಎಂದುಬಿಟ್ಟರು. ಮೂರು ಮಡಿಕೆಯಾಗಿ ಕುಳಿತಿದ್ದ ಗುಬ್ಬಿ ತಲೆಯೆತ್ತಿ ಕೇಳಿದಳು: "ಡಾಕ್ಟ್ರೇ, ಗಂಡನ್ನ ಊಟಕ್ಕೆ ಮುಂಚೆ ತಗೋಬೇಕಾ, ಆಮೇಲೆ ತಗೋಬೇಕಾ?"

ಅಪ್ಪ ಹೊರಗೆ ಬಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಮುಗಿದ ಮೇಲೂ ನೀರು ನಿಲ್ಲಲಿಲ್ಲ.

ಹೀಗೆ ವರ್ಷಗಳು ಕಳೆದು, ಆ ಮನೆಯಲ್ಲಿ ಆರೋಗ್ಯ ಎಂಬ ಮಾತಿಗೆ ಒಂದೇ ಅರ್ಥ ಉಳಿದಿತ್ತು: ನೋವಿಲ್ಲ. ಬೇರೆ ಮನೆಗಳಲ್ಲಿ ಹಣೆ ಮುಟ್ಟಿ ನೋಡುತ್ತಾರೆ, ನಾಲಿಗೆ ಚಾಚಿಸಿ ನೋಡುತ್ತಾರೆ. ಇಲ್ಲಿ ಅಕ್ಕ ಬಾಗಿಲಲ್ಲಿ ನಿಂತು ಮೊಣಕಾಲು ನೋಡುತ್ತಿದ್ದಳು. ಮೊಣಕಾಲು ಎದೆಯಿಂದ ಎಷ್ಟು ದೂರವೋ ಆ ದಿನ ಅಷ್ಟು ಒಳ್ಳೆಯದು.

ಊರಾಚೆ ಹೊಸದಾಗಿ ತೆರೆದಿದ್ದ ದೊಡ್ಡ ಆಸ್ಪತ್ರೆಯಲ್ಲಿ ಕೊನೆಗೂ ರೋಗಕ್ಕೆ ಒಂದು ಹೆಸರು ಸಿಕ್ಕಿತು. ಹುಟ್ಟಿನಲ್ಲೇ ಬಂದ ದೋಷ. ಮೇದೋಜೀರಕ ಗ್ರಂಥಿ ತನ್ನ ರಸದಲ್ಲಿ ತಾನೇ ಬೇಯುತ್ತಿದೆ. "ಇಷ್ಟು ವರ್ಷ ಹೇಗೆ ತಡ್ಕೊಂಡ್ರಿ?" ಎಂದು ಅಲ್ಲಿನ ದೊಡ್ಡ ಡಾಕ್ಟರು ಕೇಳಿದಾಗ ಗುಬ್ಬಿ ಬಿಕ್ಕಿಬಿಕ್ಕಿ ಅತ್ತಳು. ನೋವಿಗೆ ಅಳದವಳು ಅಳುವುದನ್ನು ಕಂಡು ಅಕ್ಕ ಸೆರಗಿನಿಂದ ಅವಳ ಮುಖ ಒರೆಸಿದಳು.

"ಆ ಗ್ರಂಥೀನ ಪೂರ್ತಿ ತೆಗೆದುಬಿಡ್ತೀವಿ," ಎಂದರು ಡಾಕ್ಟರು. "ಆದ್ರೆ ಸಕ್ಕರೆ ನೋಡ್ಕೊಳ್ಳೋ ಕಣಗಳಿರೋದು ಅದರೊಳಗೇ. ಅದಕ್ಕೆ ಗ್ರಂಥಿಯಿಂದ ಆ ಕಣಗಳನ್ನ ಬೇರ್ಪಡಿಸಿ, ಲಿವರಿಗೆ ರಕ್ತ ಒಯ್ಯೋ ದೊಡ್ಡ ನಾಳದೊಳಗೆ ಬಿಡ್ತೀವಿ. ಅವು ಲಿವರಲ್ಲಿ ನೆಲೆ ನಿಂತರೆ ಅಲ್ಲಿಂದಲೇ ಕೆಲಸ ಮಾಡ್ತವೆ."

"ಅಂದ್ರೆ ಮನೆ ಕೆಡವೋದು, ಬಾಡಿಗೆದಾರರನ್ನ ಮಾತ್ರ ಪಕ್ಕದ ಮನೆಗೆ ಕಳಿಸೋದು," ಎಂದರು ಅಪ್ಪ.

"ಹಾಗೇ ಅಂದ್ಕೊಳ್ಳಿ. ಅಷ್ಟು ಜನ ಒಟ್ಟಿಗೆ ನುಗ್ಗಿದ್ರೆ ಬಾಗಿಲಲ್ಲಿ ಸಿಕ್ಕಿಹಾಕ್ಕೋತಾರಲ್ಲ, ಅದೇ ನಮಗಿರೋ ಭಯ. ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೆ ರಕ್ತ ತೆಳುವಾಗೋ ಇಂಜೆಕ್ಷನ್ ಕೊಡ್ತೀವಿ, ಮನೆಗೆ ಹೋದ ಮೇಲೂ ಕೆಲವು ವಾರ."

"ತೆಳುವಾದ್ರೆ ಒಳ್ಳೇದೇ ಅಲ್ವಾ?" ಎಂದಳು ಅಕ್ಕ.

"ಪೂರ್ತಿ ಒಳ್ಳೇದಲ್ಲಮ್ಮ. ಒಳಗೆ ಹೊಸ ಹೊಲಿಗೆಗಳಿರ್ತವೆ. ತೆಳುವಾದ ರಕ್ತ ಸಣ್ಣ ಬಿರುಕು ಸಿಕ್ಕರೂ ಸೋರತ್ತೆ. ಹೆಚ್ಚು ಕೊಟ್ರೆ ಸೋರಿಕೆ, ಕಡಿಮೆ ಕೊಟ್ರೆ ಹೆಪ್ಪು. ಆ ನಡುವಿನ ಕಾಲುದಾರೀಲೇ ನಡೆಸ್ಕೊಂಡು ಹೋಗ್ಬೇಕು."

ಗುಬ್ಬಿ ಕೇಳಿದ್ದು ಒಂದೇ ಪ್ರಶ್ನೆ. "ನೋವು ಹೋಗತ್ತಾ?"

"ಹೋಗೋ ಸಾಧ್ಯತೆ ಬಹಳ ಇದೆ."

"ಹಾಗಾದ್ರೆ ಕೆಡವಿ," ಎಂದಳು.

ಶಸ್ತ್ರಚಿಕಿತ್ಸೆ ಹಗಲೆಲ್ಲ ನಡೆಯಿತು. ಕಣಗಳು ಚೆನ್ನಾಗಿ ಸಿಕ್ಕಿವೆ, ನಾಳದಲ್ಲಿ ಒತ್ತಡ ಏರಲಿಲ್ಲ, ರಕ್ತ ತೆಳುವಾಗುವ ಮದ್ದು ಹನಿಹನಿಯಾಗಿ ಹೋಗುತ್ತಿದೆ ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಅಪ್ಪ ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಡಾಕ್ಟರೇ ಮೆಲ್ಲಗೆ ಒಂದೊಂದೇ ಬೆರಳು ಬಿಡಿಸಿಕೊಂಡು ಹೋದರು. ಎಚ್ಚರವಾದ ಗುಬ್ಬಿ ಏನನ್ನೋ ಆಲಿಸುವವಳ ಹಾಗೆ ಮಲಗಿದ್ದಳು. ಆಮೇಲೆ ಅಕ್ಕನನ್ನು ಹತ್ತಿರ ಕರೆದಳು.

"ಅದು ಇಲ್ಲ ಕಣೇ."

"ಯಾವುದು?"

"ಅದು. ಹೊಲಿಗೆ ಹಾಕಿದ ಕಡೆ ಉರೀತಿದೆ, ಆದ್ರೆ ಇದು ಬರೀ ಗಾಯ. ನೆಂಟರ ಥರ, ಬಂದಿದೆ, ಹೋಗತ್ತೆ. ಅದು ಮನೆಯವರ ಥರ ಇತ್ತಲ್ಲ, ಅದಿಲ್ಲ."

ಮನೆಗೆ ಕಳಿಸುವಾಗ ಅಕ್ಕನಿಗೆ ಇಂಜೆಕ್ಷನ್ ಕೊಡುವುದನ್ನು ಕಲಿಸಿದರು. ಹೊಟ್ಟೆಯಲ್ಲಿ ಗಾಯವಿದ್ದುದರಿಂದ ತೊಡೆಯ ಚರ್ಮ ಹಿಡಿದೆತ್ತಿ ಸೂಜಿ ಚುಚ್ಚಬೇಕು, ಉಜ್ಜಬಾರದು. ಗಾಜನ್ನು ಒಂದೇ ಎಳೆತಕ್ಕೆ ಕೊಯ್ಯುವವಳು ಮೊದಲ ದಿನ ತೊಡೆಯ ಮೇಲೆ ಜಾಗ ಗುರುತಿಸುತ್ತಲೇ ಉಳಿದಳು. "ಗೆರೆ ಎಳೆದು ಮುರಿಯೋಕೆ ನಾನೇನು ಗಾಜಲ್ಲ, ಸುಮ್ನೆ ಚುಚ್ಚು" ಎಂದು ಗುಬ್ಬಿಯೇ ಧೈರ್ಯ ಹೇಳಬೇಕಾಯಿತು. ಸಕ್ಕರೆ ನೋಡುವುದು, ಹೊಸ ಕಣಗಳಿಗೆ ದಣಿವಾಗದಿರಲೆಂದು ಸ್ವಲ್ಪ ಇನ್ಸುಲಿನ್ ಕೊಡುವುದು, ಊಟದ ಜೊತೆ ಮಾತ್ರೆ ನುಂಗಿಸುವುದು, ಎಲ್ಲ ಅಕ್ಕನ ಪಾಲಿಗೇ ಬಂತು. ರಕ್ತದ ಒತ್ತಡ ನೋಡಿ, ಮದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲು ರಕ್ತ ತೆಗೆದುಕೊಂಡು ಹೋಗಲು ಆಸ್ಪತ್ರೆಯ ನರ್ಸಮ್ಮ ದಿನ ಬಿಟ್ಟು ದಿನ ಮನೆಗೆ ಬರುವರೆಂದಾಯಿತು.

ಹೊರಡುವ ಮುನ್ನ ಆ ನರ್ಸಮ್ಮ ಅಕ್ಕನನ್ನು ಕೂರಿಸಿಕೊಂಡು ಹೇಳಿದ್ದರು. ಮಲ ಕಪ್ಪಾದರೆ, ತಲೆ ಸುತ್ತಿದರೆ, ಹೊಟ್ಟೆ ಬಿಗಿದುಕೊಂಡರೆ, ಮುಖ ಬಿಳಿಚಿಕೊಂಡರೆ, ಅತಿ ಸುಸ್ತು, ಮಂಪರು ಕಂಡರೆ, ಹೊಸದಾಗಿ ನೋವು ಬಂದರೆ ತಡಮಾಡದೆ ಫೋನು ಮಾಡಬೇಕು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಅವಳ ಕಿವಿ ಹಿಡಿದಿಟ್ಟುಕೊಂಡದ್ದು ಮಾತ್ರ ಕೊನೆಯದೊಂದನ್ನು. ಮಿಕ್ಕವೆಲ್ಲ ಹೊಸಬರ ಹೆಸರುಗಳ ಹಾಗೆ ಬಂದು ಹೋದವು. ನೋವು ಹಳೆಯ ವೈರಿ, ಅದರ ಹೆಸರು ಕೇಳಿದೊಡನೆ ಮೈಯೆಲ್ಲ ಕಿವಿಯಾಯಿತು. ಅದು ಮತ್ತೆ ಹೊಸಿಲು ತುಳಿಯದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆಂದು ಅವಳು ಮನಸ್ಸಿನಲ್ಲೇ ಪಣ ತೊಟ್ಟಳು.

ಮನೆಗೆ ಬಂದ ಮೇಲಿನ ದಿನಗಳು ಹಬ್ಬಕ್ಕಿಂತ ಮಿಗಿಲು. ಗುಬ್ಬಿ ಒಂದು ಬಟ್ಟಲು ಸೂಪು ಕುಡಿದಳೆಂಬುದು ಮೆಟ್ಟಿಲಿಳಿದು ಅಂಗಡಿಗೆ ಬಂದು, ಅಲ್ಲಿಂದ ಪಕ್ಕದ ಸೈಕಲ್ ರಿಪೇರಿಯವನಿಗೆ ತಲುಪಿ, ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಎರಡು ಬಟ್ಟಲಾಗಿರುತ್ತಿತ್ತು. ತೊಡೆಯ ಮೇಲೆ ಇಂಜೆಕ್ಷನ್ನಿನ ನೀಲಿ ಕಲೆಗಳೆದ್ದವು. "ನೋಡಪ್ಪಾ, ಅಕ್ಕ ನನ್ನನ್ನ ಹೆಂಗೆ ಹೊಡೆದಿದಾಳೆ" ಎಂದು ಗುಬ್ಬಿ ದೂರುತ್ತಿದ್ದಳು. "ಇನ್ನೂ ನಾಲ್ಕು ಹಾಕು ಅಂತ ನಾನೇ ಹೇಳಿದ್ದು" ಎನ್ನುತ್ತಿದ್ದರು ಅಪ್ಪ. ಸಕ್ಕರೆ ಹದದಲ್ಲಿತ್ತು. ಇನ್ಸುಲಿನ್ ಸ್ವಲ್ಪ ಇಳಿಸಿ ಎಂದು ಆಸ್ಪತ್ರೆಯಿಂದ ಫೋನು ಬಂದಾಗ, ಬಾಡಿಗೆದಾರರು ಹೊಸ ಮನೆಯಲ್ಲಿ ಸಾಮಾನು ಬಿಚ್ಚಿಕೊಂಡರೆಂದು ಅಪ್ಪ ಕುಣಿದರು.

ಒಂದು ಮಾತ್ರ ಬಾಕಿ ಇತ್ತು. ನೋವು ಹೋದರೂ ನಿದ್ದೆ ಬಂದಿರಲಿಲ್ಲ. ಮೈಗೆ ಅಭ್ಯಾಸ ತಪ್ಪಿಹೋಗಿತ್ತೋ ಏನೋ, ಕಣ್ಣು ಮುಚ್ಚಿದೊಡನೆ ಮೊಣಕಾಲು ತಾನಾಗಿ ಮೇಲೇರುತ್ತಿತ್ತು, ಬೆಚ್ಚಿ ಏಳುತ್ತಿದ್ದಳು. "ಅದು ಬಾಗಿಲ ಹೊರಗೆ ನಿಂತಿದೆಯೇನೋ ಅನ್ಸತ್ತೆ ಅಕ್ಕಾ," ಎನ್ನುತ್ತಿದ್ದಳು. "ನಾನು ಮಲಗಿದ್ರೆ ಒಳಗೆ ಬರತ್ತೆ."

ಆ ದಿನ ಬೆಳಿಗ್ಗೆ ಅವಳು ತಿಂಡಿ ಬೇಡವೆಂದಳು. ಮೈ ಭಾರ ಎಂದಳು. ಅಕ್ಕ ಕೂದಲು ಬಾಚಿಕೊಡುತ್ತಿದ್ದಂತೆ ತಲೆ ಒಂದು ಕಡೆ ವಾಲಿತು.

"ನೋವಾ?" ಅಕ್ಕ ಕೇಳಿದಳು.

"ಊಹ್ಞೂ. ನಿದ್ದೆ."

ಅಕ್ಕ ದಿಂಬು ಸರಿಪಡಿಸಿ ಮಲಗಿಸಿದಳು. ಗುಬ್ಬಿ ಕಾಲು ಮಡಚಲಿಲ್ಲ. ಎರಡೂ ಕಾಲು ಚಾಚಿ, ಕೈಗಳನ್ನು ಪಕ್ಕಕ್ಕೆ ಬಿಟ್ಟು, ನೆಟ್ಟಗೆ ಬೆನ್ನ ಮೇಲೆ ಮಲಗಿದಳು. ಅವಳು ಮಂಚದ ತುದಿ ಮುಟ್ಟುವಷ್ಟು ಉದ್ದ ಇದ್ದಾಳೆಂದೇ ಅಕ್ಕನಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕಾದಳು. ಮೊಣಕಾಲು ಮೇಲೇರಲಿಲ್ಲ. ಮತ್ತೆ ಬಂದು ನೋಡಿದಳು. ಅದೇ ಭಂಗಿ. ಹಣೆಯ ಗೆರೆಗಳೆಲ್ಲ ಅಳಿಸಿಹೋಗಿ, ಬಾಯಿ ಕೊಂಚ ತೆರೆದು, ಮುಖ ಮಗುವಿನದಾಗಿತ್ತು.

ಅವಳು ಮೆಟ್ಟಿಲಿಳಿದು ಹೋಗಿ ಅಪ್ಪನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಅಪ್ಪ ಮೇಲೆ ನೋಡಿದರು, ಅವಳ ಮುಖ ನೋಡಿದರು.

"ಎಷ್ಟು ಹೊತ್ತಾಯ್ತು?"

"ಆಗಲೇ ಮಲಗಿದ್ದು. ನೆಟ್ಟಗೆ ಮಲಗಿದಾಳಪ್ಪ. ಕಾಲು ಚಾಚ್ಕೊಂಡು."

ಅಪ್ಪ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿಗೆ ಎದ್ದು ಸೈಕಲ್ ರಿಪೇರಿಯವನ ಹತ್ತಿರ ಹೋಗಿ, ಅವನ ಕಿವಿಗೆ ಬಾಯಿಟ್ಟು, ಬೇರೆಯವರು ಮಗಳ ಮದುವೆಯ ಸುದ್ದಿ ಹೇಳುವ ಹಾಗೆ, "ನನ್ನ ಮಗಳು ಮಲಗಿದಾಳಪ್ಪ" ಎಂದರು. ಅವನು ಚಕ್ರಕ್ಕೆ ಬಡಿಯುವುದನ್ನು ನಿಲ್ಲಿಸಿ, ಕೈಯ ಜಿಡ್ಡು ಒರೆಸಿಕೊಂಡು ಅಪ್ಪನ ಕೈ ಕುಲುಕಿದ. ಎದುರಿನ ದರ್ಜಿ ರೇಡಿಯೋ ಆರಿಸಿದ. ಬೀದಿಗೆ ಬೀದಿಯೇ ತಗ್ಗಿದ ದನಿಯಲ್ಲಿ ಮಾತಾಡತೊಡಗಿತು.

ಅಕ್ಕ ಮೈಮರೆತವಳೇನಲ್ಲ. ಸಕ್ಕರೆ ಇಳಿದರೆ ಮಂಪರು ಬರುತ್ತದೆಂದು ಆಸ್ಪತ್ರೆಯಲ್ಲಿ ಕೇಳಿದ್ದು ನೆನಪಿತ್ತು. ಮೇಲೆ ಹೋಗಿ, ತಂಗಿಯ ಬೆರಳ ತುದಿಗೆ ಸೂಜಿ ತಾಕಿಸಿ, ಹನಿ ತೆಗೆದು ಯಂತ್ರಕ್ಕೆ ಮುಟ್ಟಿಸಿದಳು. ಸಕ್ಕರೆ ಬರೆದಿಟ್ಟ ಹಾಗೆ ಸರಿಯಿತ್ತು. ಬೆರಳು ತಣ್ಣಗಿದೆ ಎನ್ನಿಸಿ ಹೊದಿಕೆ ಎಳೆದು ಹೊದಿಸಿದಳು. ಇಂಜೆಕ್ಷನ್ನಿನ ಹೊತ್ತಾಗಿತ್ತು. ಎಬ್ಬಿಸಲು ಮನಸ್ಸು ಬರಲಿಲ್ಲ. ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಉಸಿರಿನಷ್ಟು ಹಗುರವಾಗಿ ಚುಚ್ಚಿದಳು. ಗುಬ್ಬಿ ಮಿಸುಕಲಿಲ್ಲ. ತನ್ನ ಕೈ ಇಷ್ಟು ಪಳಗಿತಲ್ಲ ಎಂದು ಅಕ್ಕನಿಗೆ ಒಳಗೊಳಗೇ ಹೆಮ್ಮೆಯಾಯಿತು.

ನರ್ಸಮ್ಮ ಬಂದದ್ದು ಅದಾದ ಮೇಲೆ. ಚೀಲ ಹಿಡಿದು ಮೆಟ್ಟಿಲ ಬುಡಕ್ಕೆ ಬರುತ್ತಿದ್ದವರನ್ನು ಅಕ್ಕ ಎರಡೂ ಕೈ ಚಾಚಿ ತಡೆದಳು.

"ಮಲಗಿದಾಳೆ," ಎಂದಳು ಪಿಸುದನಿಯಲ್ಲಿ.

"ಮಲಗಿರ್ಲಿ. ಒತ್ತಡ ನೋಡಿ, ಒಂದು ಚೂರು ರಕ್ತ ತಗೊಂಡು ಹೋಗ್ತೀನಿ."

"ತೋಳಿಗೆ ಪಟ್ಟಿ ಸುತ್ತಿದ್ರೆ ಎದ್ದುಬಿಡ್ತಾಳೆ. ನಿಮಗೆ ಗೊತ್ತಿಲ್ಲ, ಅವಳು ಹೀಗೆ ಮಲಗಿದ್ದು ಹುಟ್ಟಿದ ಮೇಲೆ ಇದೇ ಮೊದಲು. ನಾಳೆ ಬನ್ನಿ."

"ನೋವು ಗೀವು ಏನಾದ್ರೂ ಅಂದಳಾ?"

"ಇಲ್ಲ. ಏನೂ ಇಲ್ಲ. ಸಕ್ಕರೆ ಈಗ ತಾನೇ ನೋಡ್ದೆ, ಸರಿಯಾಗಿದೆ."

ನರ್ಸಮ್ಮ ಮೆಟ್ಟಿಲ ತುದಿಯತ್ತ ನೋಡಿದರು. ಒಂದು ಕಾಲನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟೇ ಇದ್ದರು. "ಬಾಗಿಲಲ್ಲಿ ನಿಂತು ನೋಡಿಬರ್ಲಾ?"

"ಮೆಟ್ಟಿಲು ಕಿರುಗುಟ್ಟತ್ತೆ," ಎಂದಳು ಅಕ್ಕ. "ನಿಮ್ಮ ಕಾಲಿಗೆ ಬೀಳ್ತೀನಿ ನರ್ಸಮ್ಮ. ಒಂದು ದಿನ."

ನರ್ಸಮ್ಮನೂ ಹೆಣ್ಣುಮಕ್ಕಳ ತಾಯಿ. ಅಂಗಡಿಯಲ್ಲಿ ಅಪ್ಪ ಕೈಕಟ್ಟಿ ನಿಂತಿದ್ದುದನ್ನು, ಎದುರಿನ ದರ್ಜಿ ಹೊಲಿಗೆ ಯಂತ್ರ ಮುಟ್ಟದೆ ಕುಳಿತಿದ್ದುದನ್ನು ಕಂಡರು. "ನಾಳೆ ಬೆಳಿಗ್ಗೆ ಮೊದಲು ಇಲ್ಲಿಗೇ ಬರ್ತೀನಿ. ಏನಾದ್ರೂ ಅನ್ನಿಸಿದ್ರೆ ಫೋನ್ ಮಾಡ್ಬೇಕು," ಎಂದು ಕಾಲು ಹಿಂದಕ್ಕೆ ತೆಗೆದುಕೊಂಡರು.

ಮಧ್ಯಾಹ್ನವೆಲ್ಲ ಅಕ್ಕ ಮೆಟ್ಟಿಲ ಬುಡದಲ್ಲಿ ಕಾವಲು ಕುಳಿತಳು. ತಂಗಿ ಎದ್ದಾಗ ಏನು ಕೇಳಬಹುದು, ಏನು ಮಾಡಿಕೊಡಬೇಕು, ಮುಂದಿನ ವರ್ಷ ಕಾಲೇಜಿಗೆ ಮತ್ತೆ ಸೇರಿಸಬಹುದೇ ಎಂದೆಲ್ಲ ಯೋಚಿಸಿದಳು. ತನ್ನದೂ ಒಂದು ಬದುಕು ಇದೆ ಎಂಬುದು ಅವಳಿಗೆ ಬಹಳ ದಿನಗಳ ಮೇಲೆ ಹೊಳೆದದ್ದು ಆ ಮೆಟ್ಟಿಲ ಮೇಲೇ. ಅಷ್ಟು ನೆಮ್ಮದಿಯ ಮಧ್ಯಾಹ್ನ ಅವಳು ಹಿಂದೆ ಕಂಡಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಸೂಪು ಹಿಡಿದು ಮೇಲೆ ಹೋದಳು. "ಗುಬ್ಬೀ," ಎಂದಳು. ಹಣೆಯ ಮೇಲೆ ಕೈಯಿಟ್ಟಳು. ಕೈಗೆ ಹತ್ತಿದ್ದು ಬೆವರು, ಗಾಜಿನ ಹಾಳೆಯ ಹಾಗೆ ತಣ್ಣಗೆ. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಹೊದಿಕೆ ಎಳೆದಾಗ ಹೊಟ್ಟೆ ಉಬ್ಬಿ ಬಿಗಿದು ನಿಂತಿತ್ತು. ಗುಬ್ಬಿ ಕಷ್ಟಪಟ್ಟು ಕಣ್ಣು ತೆರೆದು, ಅಕ್ಕನನ್ನು ನೋಡಿ, ಎಬ್ಬಿಸಿದ್ದಕ್ಕೆ ಮುನಿಸಿಕೊಂಡವಳಂತೆ ಮತ್ತೆ ಮುಚ್ಚಿಕೊಂಡಳು.

ಅಕ್ಕ ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತಂತೆ. ಅವಳಿಗೆ ಮಾತ್ರ ತಾನು ಕೂಗಿದ್ದು ನೆನಪಿಲ್ಲ.

ಒಳಗೊಂದು ರಕ್ತನಾಳ ಒಡೆದಿತ್ತು. ಬೆಳಗಿನಿಂದಲೇ ಸೋರುತ್ತಿದ್ದಿರಬೇಕು, ಮೊದಲು ಜಿನುಗು, ಆಮೇಲೆ ಧಾರೆ. ಆಸ್ಪತ್ರೆಯಲ್ಲಿ ರಕ್ತ ತೆಳುವಾಗುವ ಮದ್ದಿಗೆ ಎದುರು ಮದ್ದು ಕೊಟ್ಟರು, ಚೀಲಗಟ್ಟಲೆ ರಕ್ತ ಏರಿಸಿದರು, ಅದೇ ಗಾಯವನ್ನು ಮತ್ತೆ ತೆರೆದು ಸೋರುವುದನ್ನು ಕಟ್ಟಿದರು. ಜೀವ ಉಳಿಯಿತು. ಅಪ್ಪ ಮತ್ತೆ ಡಾಕ್ಟರ ಕೈ ಹಿಡಿಯಲು ಹೋದರು. ಡಾಕ್ಟರು ಕೈ ಕೊಡಲಿಲ್ಲ, ಪಕ್ಕದಲ್ಲಿ ಕುಳಿತರು.

"ಈಗ ಆ ಇಂಜೆಕ್ಷನ್ ಕೊಡೋ ಹಾಗಿಲ್ಲ. ಕೊಟ್ರೆ ಮತ್ತೆ ಸೋರತ್ತೆ. ಕೊಡದೇ ಇದ್ರೆ ಲಿವರಿನ ನಾಳ ಹೆಪ್ಪುಗಟ್ಟಬಹುದು. ದಿನಾ ಸ್ಕ್ಯಾನ್ ಮಾಡಿ ನೋಡ್ತಿರ್ತೀವಿ. ಸ್ವಲ್ಪ ದಿನ ಎರಡೂ ಕಡೆ ತಡೆದು ನಿಂತರೆ ಸಾಕು."

ತಡೆದು ನಿಲ್ಲಲಿಲ್ಲ. ಸ್ಕ್ಯಾನಿನಲ್ಲಿ ನಾಳದ ಒಂದು ಬದಿ ಮಸುಕಾಯಿತು, ಹೆಪ್ಪು ಕಟ್ಟತೊಡಗಿತ್ತು. ಅತಿ ಕಡಿಮೆ ಪ್ರಮಾಣದಲ್ಲಿ ಮದ್ದು ಶುರು ಮಾಡಿದರು. ಹೊಟ್ಟೆಯಿಂದ ಹೊರಬಂದ ಕೊಳವೆಯಲ್ಲಿ ಕೆಂಪು ಕಾಣಿಸಿತು. ನಿಲ್ಲಿಸಿದರು, ಮಸುಕು ಮುಂದುವರಿಯಿತು. ಡಾಕ್ಟರು ಹೇಳಿದ ಕಾಲುದಾರಿ ಸವೆದು ಸವೆದು, ಕಾಲಿಡಲು ಜಾಗವಿಲ್ಲದಾಯಿತು. ಅಕ್ಕ ಕೊಳವೆಯ ಬಣ್ಣ ನೋಡುತ್ತ ಕುಳಿತಿರುತ್ತಿದ್ದಳು. ಇಲ್ಲಿ ನೋಡಬೇಕಾದ್ದು ಮೊಣಕಾಲನ್ನಲ್ಲ ಎಂದು ಈಗ ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ, ಕಿಟಕಿಯಿಂದ ಬಿಸಿಲು ಮಂಚದ ಕಾಲಿನ ತನಕ ಬಂದಿದ್ದಾಗ, ಗುಬ್ಬಿಗೆ ಚೆನ್ನಾಗಿ ಎಚ್ಚರವಿತ್ತು. ಕಣ್ಣುಗಳು ಹಳದಿಯಾಗಿದ್ದವು.

"ಅಕ್ಕಾ. ಗಾಜು ಒಡೆದುಹಾಕಿದವಳ ಥರ ಮುಖ ಮಾಡ್ಕೊಂಡು ಕೂತಿದೀಯಲ್ಲ."

ಅಕ್ಕ ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದು ಹೊರಬಿತ್ತು. "ಅವತ್ತು ನರ್ಸಮ್ಮ ಬಂದಿದ್ರು ಕಣೇ. ನಾನೇ ಕೆಳಗಿಂದ ಕೆಳಗೇ ಕಳಿಸ್ಬಿಟ್ಟೆ."

"ಗೊತ್ತು. ಕೇಳಿಸ್ತು."

"ಕೇಳಿಸ್ತಾ?"

"ನೀನು ಪಿಸುಗುಟ್ಟಿದ್ರೆ ಮೂರು ಮನೆಗೆ ಕೇಳತ್ತೆ. ನಿನಗೆ ಅದೊಂದು ಬರಲ್ಲ."

"ಮತ್ತೆ ಯಾಕೆ ಕೂಗ್ಲಿಲ್ಲ ನೀನು?"

"ಏನಂತ ಕೂಗ್ಲಿ? ಎಲ್ಲೂ ನೋವಿರ್ಲಿಲ್ಲ." ಗುಬ್ಬಿ ಮಾತಿನ ನಡುವೆ ನಿಂತು ಉಸಿರು ತೆಗೆದುಕೊಂಡಳು. "ತಣ್ಣಗೆ ನೀರಿನ ಮೇಲೆ ತೇಲಿದ ಹಾಗಿತ್ತು. ವಾಸಿಯಾಗೋದು ಅಂದ್ರೆ ಹೀಗೇ ಇರತ್ತೇನೋ ಅಂದ್ಕೊಂಡೆ. ನನಗೆ ಹೇಗೆ ಗೊತ್ತಾಗ್ಬೇಕು ಅಕ್ಕಾ, ನಾನು ಯಾವತ್ತಾದ್ರೂ ವಾಸಿಯಾಗಿದ್ನಾ?"

ಅಕ್ಕ ಅವಳ ಅಂಗೈಯಲ್ಲಿ ಮುಖ ಹುದುಗಿಸಿದಳು. ಗುಬ್ಬಿಯ ಬೆರಳು ಅವಳ ಹುಬ್ಬಿನ ಮೇಲೆ ಮೆಲ್ಲಗೆ ಓಡಾಡಿತು.

"ಬೈಕೊಳ್ಳೋದಾದ್ರೆ ಇಬ್ಬರನ್ನೂ ಸೇರಿಸಿ ಬೈಕೋ. ಒಬ್ಬಳೇ ಬೈಕೋಬೇಡ. ಅಪ್ಪನ್ನ ಮಾತ್ರ ಬಿಟ್ಬಿಡು, ಪಾಪ. ಬೀದಿಗೆಲ್ಲ ಹೇಳ್ಕೊಂಡು ಬಂದಿದಾರೆ."

ಅದಾದ ಮೇಲೆ ಅವಳು ಹೆಚ್ಚು ಮಾತಾಡಲಿಲ್ಲ. ಹೆಪ್ಪು ನಾಳವನ್ನು ಪೂರ್ತಿ ಮುಚ್ಚಿತು, ಲಿವರು ಕೈಬಿಟ್ಟಿತು, ಎಚ್ಚರ ಬರುವುದು ಹೋಗುವುದು ಆಗಿ, ಕೊನೆಗೆ ಬರಲಿಲ್ಲ. ಹೋದದ್ದು ಹಗಲಲ್ಲೇ, ಅಪ್ಪ ಒಂದು ಕಡೆ ಅಕ್ಕ ಒಂದು ಕಡೆ ಕುಳಿತಿದ್ದಾಗ. ಆಗಲೂ ನೆಟ್ಟಗೇ ಮಲಗಿದ್ದಳು. ಅಕ್ಕ ಎದ್ದು ಅವಳ ಮೊಣಕಾಲುಗಳನ್ನು ಮಡಚಿ, ಪಕ್ಕಕ್ಕೆ ಹೊರಳಿಸಿ, ದಿಂಬು ಹಿಡಿಸಲು ಹೊರಟಳು. ಅಪ್ಪ ಅವಳ ತೋಳು ಹಿಡಿದು ಕೂರಿಸಿದರು.

"ಆಪರೇಷನ್ನು ಸರಿಯಾಗಿತ್ತಾ ಡಾಕ್ಟ್ರೇ?" ಎಂದು ಅಪ್ಪ ಹೊರಗಿನ ಬೆಂಚಿನ ಮೇಲೆ ಕುಳಿತು ಕೇಳಿದರು.

"ಆಗಿತ್ತು. ಕಣಗಳೂ ಹಿಡ್ಕೊಂಡಿದ್ವು. ಕೆಲಸ ಮಾಡ್ತಿದ್ವು."

"ಒಳ್ಳೇದಾಯ್ತು," ಎಂದರು ಅಪ್ಪ. ಆಮೇಲೆ ಅದನ್ನೇ ಇನ್ನೊಮ್ಮೆ ಎಂದರು.

ಅಕ್ಕ ನಿಂತೇ ಇದ್ದಳು. "ಅವತ್ತು ನರ್ಸಮ್ಮನ್ನ ನಾನು ಮೇಲೆ ಬಿಟ್ಟಿದ್ರೆ?"

ಡಾಕ್ಟರು ಅವಳತ್ತ ತಿರುಗಿದರು. ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. "ಬೇಗ ಗೊತ್ತಾಗ್ತಿತ್ತು," ಎಂದರು. "ಉಳೀತಿದ್ಲಾ ಅಂತ ನನಗೂ ಗೊತ್ತಿಲ್ಲಮ್ಮ. ಆ ಇಂಜೆಕ್ಷನ್ ಬರೆದುಕೊಟ್ಟವನು ನಾನು. ಅಷ್ಟೇ ಬೇಕು ಅಂತ ಅಳತೆ ಮಾಡಿದವನೂ ನಾನೇ."

ನರ್ಸಮ್ಮ ಒಮ್ಮೆ ಅಂಗಡಿಗೆ ಬಂದು ಹೋದರು. ಮೆಟ್ಟಿಲ ಬುಡದಲ್ಲಿ ನಿಂತು ಅತ್ತರು. ಅಕ್ಕ ಅವರಿಗೆ ಚಹಾ ಕೊಟ್ಟಳು. ಇಬ್ಬರೂ ಪರಸ್ಪರ ಕ್ಷಮೆ ಕೇಳಲಿಲ್ಲ. ಕೇಳಿದರೆ ಇನ್ನೊಬ್ಬರು ಕ್ಷಮಿಸಬೇಕಾಗುತ್ತದಲ್ಲ.

ಬದುಕಿನ ಗಾಲಿ ಮತ್ತೆ ಉರುಳತೊಡಗಿತು, ಎಣ್ಣೆಯಿಲ್ಲದೆ. ಅಪ್ಪ ಮೊಳೆ ಹೊಡೆದರು, ಅಕ್ಕ ಗಾಜು ಕೊಯ್ದಳು, ರಟ್ಟು ಕತ್ತರಿಸುವ ಕೆಲಸವನ್ನು ಇಬ್ಬರೂ ಸೊಟ್ಟಸೊಟ್ಟಗೆ ಹಂಚಿಕೊಂಡರು. ಬೇರೆ ಏನೂ ಬದಲಾಗಿಲ್ಲವೆಂದು ಬೀದಿಗೆ ಕಾಣುತ್ತಿತ್ತು. ಅಕ್ಕನಿಗೆ ಒಂದು ಮಾತ್ರ ಆಗುತ್ತಿರಲಿಲ್ಲ. ಯಾರಾದರೂ ಮಲಗಿದ್ದನ್ನು ಕಂಡರೆ ಸುಮ್ಮನಿರಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವಳು ತೂಕಡಿಸಿದರೆ ಮೊಣಕೈ ತಾಗಿಸುತ್ತಿದ್ದಳು. ಗಿರಾಕಿಯೊಬ್ಬಳ ಹೆಗಲ ಮೇಲೆ ಮಲಗಿದ್ದ ಕೂಸಿನ ಕೆನ್ನೆ ಚಿವುಟಿ ಬೈಸಿಕೊಂಡಳು. ಊಟವಾದ ಮೇಲೆ ಅಪ್ಪ ಮೇಜಿನ ಮೇಲೆ ತಲೆಯಿಟ್ಟರೆ ಸಾಕು, ಓಡಿಬಂದು ಭುಜ ಹಿಡಿದು ಅಲುಗಿಸುತ್ತಿದ್ದಳು.

"ಅಪ್ಪಾ."

"ಏನಕ್ಕಾ?"

"ಏನಿಲ್ಲ. ಎದ್ದಿರಿ."

ಅಪ್ಪ ಎದ್ದಿರುತ್ತಿದ್ದರು. ಒಂದು ದಿನವೂ ರೇಗಲಿಲ್ಲ. ತಲೆ ಮೇಜಿಗೆ ಇಡುವುದನ್ನೇ ಬಿಟ್ಟು, ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚುವ ಮುನ್ನ, "ಕಣ್ಣು ಮುಚ್ಕೋತೀನಿ ಅಷ್ಟೆ, ಮಲಗಲ್ಲ" ಎಂದು ಹೇಳುವುದನ್ನು ರೂಢಿ ಮಾಡಿಕೊಂಡರು. ಅವರ ಕಣ್ಣ ಕೆಳಗೆ ಚೀಲಗಳು ತೂಗಿಬಿದ್ದವು. ಮರದ ಪಟ್ಟಿಗಳ ಮೂಲೆಗಳು ಕೂಡದಾದವು. ಹೆಬ್ಬೆರಳಿಗೆ ಸುತ್ತಿಗೆ ಬಡಿದುಕೊಂಡು ಉಗುರು ಕಪ್ಪಾಯಿತು. ಅದನ್ನು ಕಂಡು ಅಕ್ಕನಿಗೆ ತಾನು ಮಾಡುತ್ತಿರುವುದೇನೆಂದು ಒಮ್ಮೆಗೇ ಹೊಳೆಯಿತು.

"ಅಕ್ಕಾ," ಎಂದರು ಅಪ್ಪ ಆ ಮಧ್ಯಾಹ್ನ, ಶಾಲೆಯ ಹುಡುಗನ ಹಾಗೆ. "ಬಹಳ ನಿದ್ದೆ ಬರ್ತಿದೆ. ಸ್ವಲ್ಪ ಮಲಗ್ಲಾ?"

ಅವಳು ಗಾಜನ್ನು ಗೋಡೆಗೆ ಒರಗಿಸಿ, ಒಳಗಿನಿಂದ ಚಾಪೆ ತಂದು ಹಾಸಿದಳು. ದಿಂಬು ಕೊಟ್ಟಳು. "ಮಲಗಿ ಅಪ್ಪಾ," ಎಂದಳು. ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಅವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಚರ್ಮ ಬೆಚ್ಚಗಿತ್ತು. ಒಳಗೆ ರಕ್ತ ತನ್ನ ಪಾಡಿಗೆ ತಾನು ಹರಿಯುತ್ತಿತ್ತು, ಅವಳ ಬೆರಳನ್ನು ತಳ್ಳಿ ತಳ್ಳಿ ಮುಂದೆ ಹೋಗುತ್ತಿತ್ತು. ಅವಳ ಕಣ್ಣು ತುಂಬಿ ಬಂತು, ಕೈ ತೆಗೆಯಲಿಲ್ಲ.

ಅಪ್ಪ ಕಣ್ಣು ಮುಚ್ಚಿದ್ದರು. ಉಸಿರು ಸಮವಾಗಿತ್ತು. ಆದರೆ ಅವರು ಮಲಗಿಲ್ಲವೆಂದು ಅವಳಿಗೆ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೊಮ್ಮೆ, ಅವಳಿಗೆ ತಿಳಿಯಲೆಂದು, ಉಗುರು ಕಪ್ಪಾದ ಹೆಬ್ಬೆರಳನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದರು.